ಬ್ರ್ಯಾಕೆಟ್ ಒಳಗೆ ಹೋದದ್ದು ಏನಾಯಿತು?

ಪುಣೆಯ ಹಿಂಜವಡಿ, ವಾಕಡ್ ಕಡೆಯ ಪಿ.ಜಿ.ಗಳಲ್ಲಿ ವಿಜಯಪುರ, ಕಲಬುರಗಿ, ಬೆಳಗಾವಿಯ ಹುಡುಗ ಹುಡುಗಿಯರಿಗೆ ಬರವಿಲ್ಲ. ಬಹುಪಾಲು ಮಂದಿ ಕಾಲೇಜಿನಲ್ಲಿ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತು ಬಂದವರು, ಕೆಲವರು ಸಿ++ ಕೂಡ. ಇಲ್ಲಿ ಕಂಪನಿ ಸೇರಿದ ಮೇಲೆ ಕೈಗೆ ಬರುವುದು ಪೈಥಾನ್ ಅಥವಾ ಜಾವಾಸ್ಕ್ರಿಪ್ಟ್. ‘ಒಂದು ಭಾಷೆ ಬಂತೆಂದರೆ ಮಿಕ್ಕದ್ದೆಲ್ಲ ಬರೀ ಸಿಂಟ್ಯಾಕ್ಸ್ (ಬರೆಯುವ ರೀತಿ)’ ಎಂದು ಸೀನಿಯರ್‌ಗಳು ಧೈರ್ಯ ತುಂಬುತ್ತಾರೆ. ಇಫ್, ಲೂಪ್‌ಗಳ ಮಟ್ಟಿಗೆ ಆ ಮಾತು ಹೆಚ್ಚುಕಡಿಮೆ ನಿಜ. ಫಂಕ್ಷನ್ (ಹೆಸರಿಟ್ಟು, ಬೇಕಾದಾಗ ಕರೆಯುವ ಕೋಡಿನ ತುಣುಕು) ವಿಷಯಕ್ಕೆ ಬಂದರೆ ಅದು ಅರ್ಧ ಸತ್ಯ, ಉಳಿದರ್ಧವೇ ರಾತ್ರಿ ನಿದ್ದೆಗೆಡಿಸುವುದು.

ಇಂಡಿ ತಾಲ್ಲೂಕಿನ ಹುಡುಗನೊಬ್ಬ ಚಹಾ ಟಪರಿಯ ಮುಂದೆ ಲ್ಯಾಪ್‌ಟಾಪ್ ಬಿಚ್ಚಿ ತೋರಿಸಿದ ಪೈಥಾನ್ ಕೋಡ್ ಇಷ್ಟೇ:

ಡೆಫ್ ಸೇರಿಸು(ಹೆಸರು, ಪಟ್ಟಿ=[]):
    ಪಟ್ಟಿ.ಅಪೆಂಡ್(ಹೆಸರು)
    ರಿಟರ್ನ್ ಪಟ್ಟಿ

(ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಡೆಫ್, ರಿಟರ್ನ್, ಅಪೆಂಡ್ ಮಾತ್ರ ಇಂಗ್ಲಿಷ್ ಅಕ್ಷರಗಳಲ್ಲೇ ಇರಬೇಕು. ಆಫೀಸಿನಲ್ಲಿ ಹಾಗೆ ಬರೆದರೆ ಟೀಮ್ ಲೀಡ್ ಏನೆನ್ನುತ್ತಾರೋ, ಅದು ಬೇರೆ ವಿಚಾರ.)

ಸೇರಿಸು("ಬಸವ") ಎಂದರೆ ಒಂದೇ ಹೆಸರಿನ ಪಟ್ಟಿ ಬಂತು. ಸರಿ. ಆಮೇಲೆ ಸೇರಿಸು("ಸುಮಾ") ಎಂದರೆ ಬಸವ, ಸುಮಾ ಇಬ್ಬರೂ ಬಂದರು. “ಸರ, ಪಟ್ಟಿ ಕೊಡದಿದ್ರ ಪ್ರತಿ ಸಲ ಹೊಸಾ ಖಾಲಿ ಪಟ್ಟಿ ಬರಬೇಕಲ್ರಿ? ಇದು ಹಿಂದಿಂದು ಹಿಡ್ಕೊಂಡು ಕುಂತೈತಿ” ಎಂದ.

ಅವನ ತರ್ಕದಲ್ಲಿ ಏನೂ ಕೊರತೆಯಿಲ್ಲ. ಅವನು ಸಿ++ನಿಂದ ಬಂದವನು. ಅಲ್ಲಿ ಹೀಗೆ ಡಿಫಾಲ್ಟ್ (ಕರೆಯುವವರು ಏನೂ ಕೊಡದಿದ್ದರೆ ಬಳಸುವ ಮೌಲ್ಯ) ಕೊಟ್ಟರೆ, ಫಂಕ್ಷನ್ ಕರೆದಾಗಲೆಲ್ಲ ಅದನ್ನು ಹೊಸದಾಗಿ ಲೆಕ್ಕ ಹಾಕಲಾಗುತ್ತದೆ. ಜಾವಾಸ್ಕ್ರಿಪ್ಟ್‌ಗೆ 2015ರಲ್ಲಿ ಡಿಫಾಲ್ಟ್ ಆರ್ಗ್ಯುಮೆಂಟ್‌ಗಳು (ಫಂಕ್ಷನ್‌ನ ಬ್ರ್ಯಾಕೆಟ್ ಒಳಗೆ ಕೊಡುವುದೇ ಆರ್ಗ್ಯುಮೆಂಟ್) ಬಂದಾಗಲೂ ಅದೇ ಪದ್ಧತಿ. ಪೈಥಾನ್‌ನಲ್ಲಿ ಹಾಗಲ್ಲ. ಅಲ್ಲಿ ‘ಡೆಫ್’ ಎಂಬುದು ಕಂಪೈಲರ್‌ಗೆ (ಕೋಡನ್ನು ಓಡಿಸುವ ಮೊದಲೇ ಯಂತ್ರಭಾಷೆಗೆ ಇಳಿಸುವ ಪ್ರೋಗ್ರಾಮ್‌ಗೆ) ಕೊಡುವ ಘೋಷಣೆಯಲ್ಲ. ಪ್ರೋಗ್ರಾಮ್ ಓಡುವಾಗ ತನ್ನ ಸರದಿ ಬಂದಾಗ ನಡೆಯುವ ಒಂದು ಸಾಲು. ಆ ಸಾಲು ನಡೆದಾಗ ಫಂಕ್ಷನ್ ಎಂಬ ವಸ್ತು ಹುಟ್ಟುತ್ತದೆ, ಅದರ ಜೊತೆಗೇ ಆ ಖಾಲಿ ಪಟ್ಟಿಯೂ ಒಮ್ಮೆ ಹುಟ್ಟಿ ಫಂಕ್ಷನ್‌ಗೆ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ಸಲ ಕರೆದರೂ ಸಿಗುವುದು ಅದೇ ಪಟ್ಟಿ. ಡಿಫಾಲ್ಟ್ ಜಾಗದಲ್ಲಿ ಏನೂ ಇಲ್ಲವೆಂದು ಸೂಚಿಸುವ ‘ನನ್’ (None) ಎಂದಿಟ್ಟು, ಒಳಗೆ ‘ಪಟ್ಟಿ ನನ್ ಆಗಿದ್ದರೆ ಹೊಸದು ಮಾಡು’ ಎಂದು ಬರೆಯುವುದು ಪೈಥಾನ್‌ನವರ ರೂಢಿ.

ಸಿ++ನಲ್ಲಿ ಇಲ್ಲದ ಸೌಲಭ್ಯವೊಂದು ಎದುರಾಗಿದ್ದರೆ ಹುಡುಗ ಕೈಪಿಡಿ ತೆರೆದು ಓದುತ್ತಿದ್ದ. ಕಂಡದ್ದು ಹಳೆಯ ಮುಖ, ಅದಕ್ಕೇ ಓದಲಿಲ್ಲ. ಎರಡನೆಯ ಭಾಷೆಯ ಕಲಿಕೆಯನ್ನು ಅಧ್ಯಯನ ಮಾಡಿದ ಎಥೆಲ್ ಟ್ಶುಕುಡು ಮತ್ತು ಕ್ವಿಂಟಿನ್ ಕಟ್ಸ್ 2020ರಲ್ಲಿ ಇದನ್ನೇ ಮೂರು ಬಗೆಯಾಗಿ ವಿಂಗಡಿಸಿದರು: ರೂಪವೂ ಅರ್ಥವೂ ಒಂದೇ ಇರುವುದು, ರೂಪ ಬೇರೆಯಾಗಿ ಅರ್ಥ ಒಂದೇ ಇರುವುದು, ರೂಪ ಒಂದೇ ಆಗಿ ಅರ್ಥ ಬೇರೆ ಇರುವುದು. ಮೊದಲನೆಯದು ತಾನಾಗಿ ದಾಟಿ ಬರುತ್ತದೆ. ಎರಡನೆಯದನ್ನು ಯಾರಾದರೂ ‘ಇದು ನಿನಗೆ ಗೊತ್ತಿರುವುದೇ’ ಎಂದು ತೋರಿಸಿದರೆ ಸಾಕು. ಮೋಸ ಮಾಡುವುದು ಮೂರನೆಯದು, ಏಕೆಂದರೆ ಅನುಮಾನವೇ ಹುಟ್ಟುವುದಿಲ್ಲ. ಅದೇ ವರ್ಷ ಅಮೆರಿಕದ ಒಂದು ತಂಡ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋನಲ್ಲಿ 18 ಭಾಷೆಗಳ ಕುರಿತ 450 ಪ್ರಶ್ನೆಗಳನ್ನು ಜಾಲಾಡಿತ್ತು. ಬೇರೆ ಭಾಷೆಯಿಂದ ಹೊತ್ತು ತಂದ ತಪ್ಪು ಊಹೆಯ 276 ನಿದರ್ಶನಗಳು ಅವರಿಗೆ ಸಿಕ್ಕವು.

ಫಂಕ್ಷನ್‌ನಲ್ಲಿ ಈ ಮೂರನೆಯ ಬಗೆ ಹೇರಳ. ಒಂದು ಹೆಸರು, ಬ್ರ್ಯಾಕೆಟ್, ಒಳಗೆ ಒಂದೆರಡು ಆರ್ಗ್ಯುಮೆಂಟ್: ನೋಟಕ್ಕೆ ಎಲ್ಲ ಭಾಷೆಯಲ್ಲೂ ಒಂದೇ. ಬ್ರ್ಯಾಕೆಟ್ ಒಳಗೆ ಹೋದದ್ದು ಏನಾಗುತ್ತದೆ ಎಂಬುದು ಪ್ರತಿ ಭಾಷೆಯ ಒಳಮನೆಯ ವಿಚಾರ.

ಲ್ಯಾಬ್ ಪರೀಕ್ಷೆಯ ವೈವಾದಲ್ಲಿ ‘ಸ್ವಾಪ್’ ಪ್ರಶ್ನೆ ಎದುರಿಸದೆ ಪಾಸಾದವರು ಕಡಿಮೆ. ಎರಡು ಸಂಖ್ಯೆಗಳನ್ನು ಫಂಕ್ಷನ್‌ಗೆ ಕೊಟ್ಟು ಒಳಗೆ ಅದಲುಬದಲು ಮಾಡಿದರೆ ಹೊರಗೆ ಏಕೆ ಬದಲಾಗುವುದಿಲ್ಲ? ಸಿ ಒಳಗೆ ಕಳಿಸುವುದು ಪ್ರತಿಯನ್ನು. ಪಹಣಿಯ ಝೆರಾಕ್ಸ್ ಮೇಲೆ ಏನು ಗೀಚಿದರೂ ಮೂಲ ಪಹಣಿ ಹಾಗೇ ಇರುತ್ತದಲ್ಲ, ಹಾಗೆ. ಮೂಲವನ್ನೇ ಬದಲಿಸಬೇಕೆಂದರೆ ಅದರ ವಿಳಾಸ, ಅಂದರೆ ಪಾಯಿಂಟರ್ ಕೊಡಬೇಕು. ಇದನ್ನು ಬಾಯಿಪಾಠ ಮಾಡಿದವರು ಪೈಥಾನ್‌ಗೆ ಬಂದೊಡನೆ ಕೇಳುವುದು: ‘ಇಲ್ಲಿ ಕಾಲ್ ಬೈ ವ್ಯಾಲ್ಯೂನೋ (ಪ್ರತಿ ಕಳಿಸುವುದು), ಕಾಲ್ ಬೈ ರೆಫರೆನ್ಸೋ (ಮೂಲವನ್ನೇ ಕಳಿಸುವುದು)?’

ಎರಡೂ ಅಲ್ಲ. ಪೈಥಾನ್‌ನಲ್ಲಿ ವಸ್ತು ಒಂದೇ, ಅದಕ್ಕೆ ಹೊರಗೊಂದು ಹೆಸರು, ಒಳಗೊಂದು ಹೆಸರು. ಒಳಗಿನಿಂದ ಪಟ್ಟಿಗೆ ಅಪೆಂಡ್ ಮಾಡಿದರೆ ಹೊರಗೂ ಕಾಣುತ್ತದೆ, ಏಕೆಂದರೆ ಪಟ್ಟಿಯೇ ಬದಲಾಯಿತು. ಒಳಗೆ ‘ಪಟ್ಟಿ = [1, 2]’ ಎಂದು ಬರೆದರೆ ಹೊರಗೆ ಏನೂ ಆಗುವುದಿಲ್ಲ, ಏಕೆಂದರೆ ಒಳಗಿನ ಹೆಸರು ಬೇರೊಂದು ವಸ್ತುವಿಗೆ ಹೋಯಿತು, ಅಷ್ಟೇ. ಎಂಐಟಿಯಲ್ಲಿ ಬಾರ್ಬರಾ ಲಿಸ್ಕೋವ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಕ್ಲೂ ಎಂಬ ಭಾಷೆ ಕಟ್ಟುವಾಗ ಈ ವಿಧಾನಕ್ಕೆ ‘ಕಾಲ್ ಬೈ ಶೇರಿಂಗ್’ ಎಂದು ಹೆಸರಿಟ್ಟರು. ಪೈಥಾನ್ ಹೊರಬಂದದ್ದು 1991ರಲ್ಲಿ. ಇಷ್ಟು ಹಳೆಯ, ಇಷ್ಟು ಚೊಕ್ಕ ಹೆಸರಿದ್ದರೂ ನಮ್ಮ ವೈವಾದಲ್ಲಿ ಇನ್ನೂ ಎರಡೇ ಆಯ್ಕೆ ಏಕೆ ಎಂಬುದು ನನಗೆ ಬಗೆಹರಿದಿಲ್ಲ.

ಹಿಂದಿನ ತಲೆಮಾರಿಗೆ ಇದೇ ಪೇಚು ಇನ್ನೊಂದು ದಿಕ್ಕಿನಿಂದ ಬಂದಿತ್ತು. ಮುಂಬೈ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ 1964ರಲ್ಲಿ ಸಿಡಿಸಿ 3600 ಎಂಬ ದೊಡ್ಡ ಕಂಪ್ಯೂಟರ್ ಬಂದ ಕಾಲಕ್ಕೆ ವಿಜ್ಞಾನಿಗಳ ಭಾಷೆಯೆಂದರೆ ಫೋರ್ಟ್ರಾನ್. ಆ ಕಾಲದ ಫೋರ್ಟ್ರಾನ್ ಸಾಮಾನ್ಯವಾಗಿ ಕಳಿಸುತ್ತಿದ್ದದ್ದು ವಿಳಾಸವನ್ನೇ. ಒಳಗೆ ಬದಲಿಸಿದರೆ ಹೊರಗೂ ಬದಲು. ಕೆಲವು ಹಳೆಯ ಕಂಪೈಲರ್‌ಗಳಲ್ಲಿ 4 ಎಂಬ ಅಂಕಿಯನ್ನೇ ನೇರವಾಗಿ ಕಳಿಸಿ, ಒಳಗೆ ಅದಕ್ಕೆ 5 ಎಂದು ಬರೆದರೆ, ಮುಂದೆ ಪ್ರೋಗ್ರಾಮ್‌ನಲ್ಲಿ 4 ಬರೆದ ಕಡೆಯೂ 5 ಸಿಗುವ ಸಾಧ್ಯತೆಯಿತ್ತು! ಅಲ್ಲಿ ಪಳಗಿ ಸಿಗೆ ಬಂದವರಿಗೆ ಸ್ವಾಪ್ ಕೆಲಸ ಮಾಡದಿದ್ದುದೇ ವಿಚಿತ್ರ.

ಹೆಸರುಗಳ ವ್ಯಾಪ್ತಿಯೂ ಹೀಗೇ ಕಾಲಿಗೆ ತೊಡರುತ್ತದೆ. ಪೈಥಾನ್ ಫಂಕ್ಷನ್ ಒಳಗಿನಿಂದ ಹೊರಗಿನ ‘ಒಟ್ಟು’ ಎಂಬ ಸಂಖ್ಯೆಯನ್ನು ಪ್ರಿಂಟ್ ಮಾಡಬಹುದು, ತಕರಾರಿಲ್ಲ. ಅದರ ಕೆಳಗೆ ‘ಒಟ್ಟು = ಒಟ್ಟು + 1’ ಎಂಬ ಸಾಲು ಸೇರಿಸಿ ನೋಡಿ: ಇಷ್ಟು ಹೊತ್ತು ಸರಿಯಿದ್ದ ಮೇಲಿನ ಪ್ರಿಂಟ್ ಸಾಲೇ ಎರರ್ ಕೊಡುತ್ತದೆ. ಫಂಕ್ಷನ್ ಒಳಗೆ ಎಲ್ಲೇ ಒಂದು ಹೆಸರಿಗೆ ಮೌಲ್ಯ ಕೊಟ್ಟರೂ, ಆ ಇಡೀ ಫಂಕ್ಷನ್‌ಗೆ ಅದು ಒಳಗಿನ ಹೆಸರೆಂದು ಪೈಥಾನ್ ಮೊದಲೇ ತೀರ್ಮಾನಿಸಿಬಿಟ್ಟಿರುತ್ತದೆ. ಸಿಯಲ್ಲಿ ಹೆಸರನ್ನು ಘೋಷಿಸಿಯೇ ಬಳಸಿದವರಿಗೆ ಇದು ಊಹೆಗೇ ಬರುವುದಿಲ್ಲ.

ಜಾವಾಸ್ಕ್ರಿಪ್ಟ್‌ನದು ಇನ್ನೊಂದು ಬಗೆಯ ಔದಾರ್ಯ. ಆರ್ಗ್ಯುಮೆಂಟ್ ಕಡಿಮೆ ಕೊಟ್ಟರೆ ಆ ಜಾಗಕ್ಕೆ ‘ಅನ್‌ಡಿಫೈನ್ಡ್’ ತುಂಬಿಕೊಳ್ಳುತ್ತದೆ, ಹೆಚ್ಚು ಕೊಟ್ಟರೆ ಸುಮ್ಮನಿರುತ್ತದೆ. ಪೈಥಾನ್ ಓಡುವಾಗ ಜಗಳ ತೆಗೆಯುತ್ತದೆ, ಸಿ ಕಂಪೈಲರ್ ಅದಕ್ಕೂ ಮೊದಲೇ ತೆಗೆಯುತ್ತದೆ. ಈ ಸುಮ್ಮನಿರುವ ಗುಣ ಎಲ್ಲಿಗೆ ಮುಟ್ಟುತ್ತದೆ ನೋಡಿ. ಅಕ್ಷರರೂಪದಲ್ಲಿರುವ "10", "10", "10" ಎಂಬ ಮೂರನ್ನು ಸಂಖ್ಯೆಗಳಾಗಿಸಲು ಆ ಪಟ್ಟಿಯ ‘ಮ್ಯಾಪ್’ಗೆ ‘ಪಾರ್ಸ್‌ಇಂಟ್’ ಎಂಬ ಫಂಕ್ಷನ್ ಕೊಟ್ಟರೆ ಸಿಗುವ ಉತ್ತರ 10, ಸಂಖ್ಯೆಯಲ್ಲ ಎಂಬ ಗುರುತಿನ ಎನ್‌ಎಎನ್, ಮತ್ತು 2. ಮ್ಯಾಪ್ ತಾನು ಕರೆಯುವ ಫಂಕ್ಷನ್‌ಗೆ ಅಂಶವನ್ನಷ್ಟೇ ಅಲ್ಲ, ಅದರ ಸ್ಥಾನವನ್ನೂ ಇಡೀ ಪಟ್ಟಿಯನ್ನೂ ಕೊಡುತ್ತದೆ. ಪಾರ್ಸ್‌ಇಂಟ್ ಎರಡನೆಯ ಆರ್ಗ್ಯುಮೆಂಟ್ ಅನ್ನು ಸಂಖ್ಯಾಪದ್ಧತಿಯ ಆಧಾರವೆಂದು ಓದಿಕೊಳ್ಳುತ್ತದೆ. ಸ್ಥಾನ 0 ಬಂದಾಗ ಆಧಾರ ಹೇಳಿಲ್ಲವೆಂದು ತಿಳಿದು ಎಂದಿನ ದಶಮಾನದಲ್ಲಿ 10 ಕೊಟ್ಟಿತು. ಆಧಾರ 1 ಅದಕ್ಕೆ ಒಪ್ಪಿಗೆಯಿಲ್ಲ. ಆಧಾರ 2ರಲ್ಲಿ, ಅಂದರೆ ಬೈನರಿಯಲ್ಲಿ, "10" ಎಂದರೆ 2. ಎರಡೂ ಫಂಕ್ಷನ್‌ಗಳು ತಮ್ಮ ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿವೆ. ಪಾರ್ಸ್‌ಇಂಟ್ ತೆಗೆದು ಅದೇ ಜಾಗದಲ್ಲಿ ‘ನಂಬರ್’ ಇಟ್ಟರೆ ಮೂರೂ 10 ಆಗುತ್ತವೆ: ಅದಕ್ಕೆ ಬೇಕಾದದ್ದು ಮೊದಲನೆಯ ಆರ್ಗ್ಯುಮೆಂಟ್ ಒಂದೇ, ಮಿಕ್ಕೆರಡನ್ನು ಅದು ತಿರುಗಿಯೂ ನೋಡುವುದಿಲ್ಲ.