ಹೆತ್ತವರು ಬೇರೆಯಾದ ಮೇಲೆ ಮಕ್ಕಳ ಖರ್ಚಿನ ಲೆಕ್ಕ: ಅಧ್ಯಯನ ಟಿಪ್ಪಣಿ

ಜೀವನಾಂಶದ ಪಾಠ ಓದುವಾಗ ಕಲಮುಗಳನ್ನು ಬಾಯಿಪಾಠ ಮಾಡಿ ಮುಂದೆ ಹೋಗುವುದು ರೂಢಿ. ಆದರೆ ಕಾನೂನು ನೆರವು ಕೇಳಿಕೊಂಡು ಬರುವ ತಾಯಿಯ ಪ್ರಶ್ನೆ ಬೇರೆಯೇ ಇರುತ್ತದೆ: ಜೂನ್‌ನಲ್ಲಿ ಶಾಲೆ ತೆರೆಯುವಾಗ ಪುಸ್ತಕ, ಕೊಡೆ, ಸಮವಸ್ತ್ರದ ಹಣ ಯಾರು ಕೊಡಬೇಕು? ತಿಂಗಳ ಮೊತ್ತದಲ್ಲೇ ಅದು ಸೇರಿದೆಯೋ, ಬೇರೆಯೋ? ಒಪ್ಪಂದಪತ್ರದಲ್ಲಿ ಇದಕ್ಕೆ ಉತ್ತರವಿಲ್ಲದಿದ್ದರೆ ಪ್ರತಿ ಮಳೆಗಾಲವೂ ಹೊಸ ಜಗಳದೊಂದಿಗೆ ಆರಂಭವಾಗುತ್ತದೆ, ಮಗು ನಡುವೆ ನಿಂತು ಎರಡೂ ಕಡೆಯ ಮಾತು ಕೇಳಬೇಕಾಗುತ್ತದೆ. ಈ ಟಿಪ್ಪಣಿಯನ್ನು ಆ ಪ್ರಶ್ನೆಯ ಸುತ್ತಲೇ ಬರೆದಿದ್ದೇನೆ. ಉದಾಹರಣೆಗಳು ಕಾಸರಗೋಡು ಕಡೆಯ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟು ಕಲ್ಪಿಸಿದವು.

ಕಾನೂನಿನ ನೆಲೆ

2024ರ ಜುಲೈ 1ರಿಂದ ಹಳೆಯ ದಂಡಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು ಬಂದಿದೆ. ಇದು ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮುಸ್ಲಿಂ ಮಹಿಳೆಯರ 1986ರ ಕಾಯಿದೆಯಲ್ಲಿ ಮಗುವಿನ ಎರಡು ವರ್ಷದವರೆಗಿನ ಪಾಲನೆಯ ಮಾತು ಮಾತ್ರ ಇದ್ದರೂ, ಪ್ರಾಯಕ್ಕೆ ಬರುವವರೆಗೆ, ಎಂದರೆ 18 ತುಂಬುವವರೆಗೆ, ಜೀವನಾಂಶ ಪಡೆಯುವ ಮಕ್ಕಳ ಹಕ್ಕಿಗೆ ಅದರಿಂದ ಚ್ಯುತಿಯಿಲ್ಲ ಎಂದು ಸುಪ್ರೀಂ ಕೋರ್ಟ್ 1997ರ ನೂರ್ ಸಬಾ ಖಾತೂನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ನಮ್ಮ ಜಿಲ್ಲೆಯಲ್ಲಿ ಕೆಲಸ ಮಾಡುವವರು ಇದನ್ನು ಮರೆಯಬಾರದು. ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆ, 1956ರ 20ನೇ ಕಲಮು ಮಕ್ಕಳನ್ನು ಸಾಕುವ ಹೊಣೆಯನ್ನು ತಂದೆ, ತಾಯಿ ಇಬ್ಬರ ಮೇಲೂ ಹೊರಿಸುತ್ತದೆ.

ಸುಪ್ರೀಂ ಕೋರ್ಟಿನ 2020ರ ನವೆಂಬರ್ 4ರ ರಜನೀಶ್ ವಿರುದ್ಧ ನೇಹಾ ತೀರ್ಪನ್ನು ಮಾತ್ರ ನಿಧಾನವಾಗಿ ಓದಿ. ಅದರ ಪ್ರಕಾರ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಅಫಿಡವಿಟ್ (ಪ್ರಮಾಣಪತ್ರ) ಸಲ್ಲಿಸಬೇಕು. ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ. ಮಕ್ಕಳ ಓದಿನ ಖರ್ಚು ಸಾಮಾನ್ಯವಾಗಿ ತಂದೆಯದು. ತಾಯಿಗೂ ಸಾಕಷ್ಟು ಸಂಪಾದನೆ ಇದ್ದರೆ ಆದಾಯದ ಪ್ರಮಾಣಕ್ಕೆ ತಕ್ಕಂತೆ ಹಂಚಬಹುದು. ಈ ಕೊನೆಯ ಮಾತೇ ನಮ್ಮ ಲೆಕ್ಕದ ಬುನಾದಿ.

ಗಡಿಭಾಗದವರಿಗೆ ಇನ್ನೊಂದು ವಿಷಯ. ತಾಯಿ ಮಂಜೇಶ್ವರದಲ್ಲಿದ್ದು ತಂದೆ ಮಂಗಳೂರಿನಲ್ಲಿದ್ದರೆ, ಜೀವನಾಂಶದ ಅರ್ಜಿಗಾಗಿ ಆಕೆ ತಲಪಾಡಿಯ ರಾಜ್ಯಗಡಿ ದಾಟಬೇಕಾಗಿಲ್ಲ. ತಾನು ವಾಸಿಸುವ ಜಿಲ್ಲೆಯಲ್ಲೇ ಹಾಕಬಹುದು.

ಲೆಕ್ಕ ಹೇಗೆ?

ಬದಿಯಡ್ಕದ ಒಬ್ಬ ತಾಯಿಗೆ ತಿಂಗಳಿಗೆ 20,000 ರೂಪಾಯಿ ಸಂಬಳ, ಮಂಗಳೂರಿನಲ್ಲಿ ದುಡಿಯುವ ತಂದೆಗೆ 30,000 ಎಂದುಕೊಳ್ಳಿ. ಮಕ್ಕಳಿಬ್ಬರೂ ತಾಯಿಯ ಬಳಿ ಇದ್ದಾರೆ. ಊಟ, ಹಾಲು, ಶಾಲಾ ವಾಹನ, ಟ್ಯೂಷನ್ ಸೇರಿ ತಿಂಗಳ ಖರ್ಚು 9,000. ಇಷ್ಟಕ್ಕೇ ನಿಲ್ಲಿಸಿಬಿಡುವುದೇ ಹೆಚ್ಚಿನ ಒಪ್ಪಂದಗಳ ದೋಷ ಎಂಬುದು ನನ್ನ ಅಭಿಪ್ರಾಯ. ವರ್ಷಕ್ಕೊಮ್ಮೆ ಬರುವ ಖರ್ಚುಗಳನ್ನೂ ಬರೆಯಿರಿ: ಶಾಲೆ ತೆರೆಯುವಾಗ 18,000, ಹಬ್ಬದ ಬಟ್ಟೆಗೆ 6,000, ಜ್ವರ, ಹಲ್ಲು, ಕನ್ನಡಕಗಳಿಗೆ 12,000. ಒಟ್ಟು 36,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 3,000. ಈಗ ನಿಜವಾದ ತಿಂಗಳ ಮೊತ್ತ 12,000 ಆಯಿತು. ಆದಾಯದ ಪ್ರಮಾಣ 2:3 ಆದುದರಿಂದ ತಾಯಿ 4,800, ತಂದೆ 7,200.

ಇಲ್ಲಿ ಒಂದು ತೊಡಕಿದೆ. ಒಪ್ಪಂದ ಜನವರಿಯಲ್ಲಿ ಶುರುವಾದರೆ ವರ್ಷದ ಖರ್ಚಿಗೆಂದು ಮೇ ಕೊನೆಗೆ ಕೂಡುವುದು 3,000ದ ಐದು ಕಂತು, ಎಂದರೆ 15,000. ಅಷ್ಟರಲ್ಲಿ ಮಗುವಿಗೆ ಜ್ವರ ಬಾರದಿದ್ದರೂ ಶಾಲೆಯ ಖರ್ಚಿಗೆ 3,000 ಕಡಿಮೆ ಬೀಳುತ್ತದೆ. ಆದ್ದರಿಂದ ಮೊದಲ ವರ್ಷ ಇಬ್ಬರೂ ಅದೇ ಪ್ರಮಾಣದಲ್ಲಿ ಒಂದು ಆರಂಭದ ಮೊತ್ತ ಹಾಕುವಂತೆ ಬರೆಸಬೇಕು.

ತಂದೆ ಅಡಿಕೆ ಕೃಷಿಕನಾದರೆ ಸಂಬಳದ ಲೆಕ್ಕ ನಡೆಯದು. ಅಡಿಕೆ ಮಾರಿದ ತಿಂಗಳು ಕೈತುಂಬ ಹಣ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಸಿಂಪಡಿಸುವ ಖರ್ಚೇ ಮುಂದೆ. ಪೂರ್ತಿ ವರ್ಷದ ಮಾರಾಟದಿಂದ ತೋಟದ ಖರ್ಚು ಕಳೆದು ಹನ್ನೆರಡರಿಂದ ಭಾಗಿಸಿ, ಕಟ್ಟುವುದನ್ನು ಮಾತ್ರ ಮಾರಾಟದ ನಂತರದ ಎರಡು ದೊಡ್ಡ ಕಂತುಗಳಾಗಿ ಗೊತ್ತುಮಾಡುವುದು ನ್ಯಾಯ. ಪ್ರತಿ ತಿಂಗಳೂ ಕೊಡು ಎಂದು ಹಟ ಹಿಡಿದರೆ ಬಾಕಿ ಬೆಳೆಯುತ್ತದೆಯೇ ಹೊರತು ಹಣ ಬರುವುದಿಲ್ಲ. ಗಲ್ಫ್‌ನಲ್ಲಿ ದುಡಿಯುವವರ ಒಪ್ಪಂದದಲ್ಲಿ ಮೊತ್ತವನ್ನು ರೂಪಾಯಿಯಲ್ಲೇ ಬರೆಯಿರಿ, ವಿನಿಮಯ ದರದ ವಾದ ತಪ್ಪುತ್ತದೆ.

ಹಣ ಎಲ್ಲಿರಬೇಕು?

ಜಂಟಿ ಖಾತೆ ಎಂದು ಎಲ್ಲರೂ ಹೇಳುತ್ತಾರೆ. ಯಾರೊಬ್ಬರ ಸಹಿಯೂ ಸಾಕು ಎಂಬ ಖಾತೆಯನ್ನು ಒಬ್ಬರೇ ಬರಿದು ಮಾಡಬಹುದು. ಇಬ್ಬರ ಸಹಿಯೂ ಬೇಕೆಂದರೆ ಒಂದು ಕೊಡೆ ಕೊಳ್ಳುವುದಕ್ಕೂ ಮಾತು ಬಿಟ್ಟವರ ಒಪ್ಪಿಗೆ ಬೇಕು. ನನಗೆ ಸರಿ ಕಾಣುವುದು ಇದು: ಮಕ್ಕಳು ಯಾರ ಬಳಿ ಇರುತ್ತಾರೋ ಅವರ ಹೆಸರಿನಲ್ಲಿ ಮಕ್ಕಳ ಖರ್ಚಿಗೆಂದೇ ಒಂದು ಪ್ರತ್ಯೇಕ ಖಾತೆ, ಇಬ್ಬರೂ 5ನೇ ತಾರೀಕಿನೊಳಗೆ ಜಮೆ ಮಾಡುವುದು, ತಿಂಗಳ ಕೊನೆಗೆ ಖಾತೆಯ ವಿವರ ಇನ್ನೊಬ್ಬರಿಗೆ ಕಳುಹಿಸುವುದು. ನಗದು ಬೇಡವೇ ಬೇಡ. ಜೀವನಾಂಶದ ಬಾಕಿ ವಸೂಲಿಗೆ ಅದು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕಾಗುತ್ತದೆ. ಆಗ ಬ್ಯಾಂಕಿನ ದಾಖಲೆಯೇ ಸಾಕ್ಷಿ. ಇಂತಿಷ್ಟು ಮೊತ್ತದ ಮೇಲಿನ ಖರ್ಚಿಗೆ, 3,000 ಎಂದಿಟ್ಟುಕೊಳ್ಳಿ, ಮೊದಲೇ ತಿಳಿಸಬೇಕೆಂದೂ, ಆಸ್ಪತ್ರೆಯ ತುರ್ತಿಗೆ ಈ ನಿಯಮವಿಲ್ಲವೆಂದೂ ಬರೆಸಿ. ಹಣದ ವಿಷಯವನ್ನು ಮಕ್ಕಳ ಬಾಯಲ್ಲಿ ಹೇಳಿಕಳುಹಿಸಬಾರದು ಎಂಬ ಸಾಲೂ ಒಪ್ಪಂದದಲ್ಲಿರಲಿ.

ಹೆಣ್ಣುಮಕ್ಕಳಿಗೆಂದೇ ಇರುವ ಸರಕಾರಿ ಉಳಿತಾಯ ಯೋಜನೆಯಾದ ಸುಕನ್ಯಾ ಸಮೃದ್ಧಿಯ ಖಾತೆ ಒಂದು ಹುಡುಗಿಗೆ ಒಂದೇ, ಹತ್ತು ವರ್ಷ ತುಂಬುವ ಮೊದಲು ತೆರೆಯಬೇಕು. ಯಾರು ಕಟ್ಟುತ್ತಾರೆ ಎಂದು ಗೊತ್ತುಮಾಡಿಕೊಂಡರೆ ಸಾಕು.

ಬಿಟ್ಟುಹೋಗುವ ಎರಡು ಅಂಶಗಳು

ಪರಸ್ಪರ ಒಪ್ಪಿಗೆಯ ವಿಚ್ಛೇದನದಲ್ಲಿ ‘ನನಗೇನೂ ಬೇಡ’ ಎಂದು ತಾಯಿ ಸಹಿ ಹಾಕುವುದುಂಟು. ಆಕೆ ಬಿಟ್ಟುಕೊಡಬಹುದಾದದ್ದು ತನ್ನ ಪಾಲನ್ನು ಮಾತ್ರ. ಮಗುವಿನ ಹಕ್ಕು ಉಳಿಯುತ್ತದೆ. ಕಕ್ಷಿದಾರರಿಗೆ ಇದನ್ನು ಬಿಡಿಸಿ ಹೇಳುವುದು ನಮ್ಮ ಕರ್ತವ್ಯ.

ಎರಡನೆಯದು 18ರ ಗಡಿ. ಅಂಗವೈಕಲ್ಯದಂಥ ಕಾರಣದಿಂದ ತನ್ನನ್ನು ತಾನು ನೋಡಿಕೊಳ್ಳಲಾಗದ ಮಕ್ಕಳನ್ನು ಬಿಟ್ಟರೆ 144ನೇ ಕಲಮಿನ ರಕ್ಷಣೆ ಪ್ರಾಯಕ್ಕೆ ಬರುವವರೆಗೆ ಮಾತ್ರ. ಹಿಂದೂ ಕಾಯಿದೆಯಲ್ಲಿ ಸ್ವಂತ ಆದಾಯವಿಲ್ಲದ ಅವಿವಾಹಿತ ಮಗಳಿಗೆ ಆಮೇಲೂ ಹಕ್ಕಿದೆ, ಮಗನಿಗಿಲ್ಲ. ನಮ್ಮ ಮಕ್ಕಳು ಪದವಿಗೆ ಮಂಗಳೂರು, ಪುತ್ತೂರಿಗೆ ಹೋಗುವುದು, ಹಾಸ್ಟೆಲ್ ಖರ್ಚು ಬೀಳುವುದು ಸರಿಯಾಗಿ ಆ ವಯಸ್ಸಿನಲ್ಲಿ. ಆದ್ದರಿಂದ ‘ಮೊದಲ ಪದವಿ ಮುಗಿಯುವವರೆಗೆ’ ಎಂಬ ಮಾತನ್ನು ಒಪ್ಪಂದದಲ್ಲೇ ಸೇರಿಸಬೇಕು.

ಅಭ್ಯಾಸಕ್ಕೆ: ಮೇಲಿನ ಉದಾಹರಣೆಯಲ್ಲಿ ತಂದೆಯ ಸಂಬಳ 40,000 ಆಯಿತು, ಮಗಳು ಹಾಸ್ಟೆಲ್ ಸೇರಿದ್ದರಿಂದ ತಿಂಗಳ ಒಟ್ಟು ಮೊತ್ತ 18,000ಕ್ಕೆ ಏರಿತು. ಇಬ್ಬರ ಪಾಲು ಎಷ್ಟೆಷ್ಟು? ಮಗಳು ಈಗ ತಾಯಿಯ ಮನೆಯಲ್ಲಿ ಊಟ ಮಾಡುವುದು ರಜೆಯಲ್ಲಿ ಮಾತ್ರ. ಹಾಸ್ಟೆಲ್ ಹಣವನ್ನು ತಂದೆ ನೇರವಾಗಿ ಕಟ್ಟಿದರೆ ಖಾತೆಗೆ ಅವನು ಹಾಕಬೇಕಾದದ್ದು ಎಷ್ಟು ಇಳಿಯಬೇಕು?