ಅಗಲದ ಅಕ್ಷರ ಬೇರೆ, ಎಳೆದ ಅಕ್ಷರ ಬೇರೆ

ಹಾಸನದ ಬಿ.ಎಂ. ರಸ್ತೆಯಲ್ಲಿ ಅಂಗಡಿ ಇಡುವವರು ಬೋರ್ಡ್ ಮಾಡಿಸಲು ಬಂದರೆ ಈಗ ಕೇಳುವುದು ಒಂದೇ. "ಸಾರ್, ಅಕ್ಷರ ದಪ್ಪ ಇರ್ಲಿ, ಅಗಲ ಇರ್ಲಿ." ಸರಿಯಾದ ಮಾತೇ. ಅಂಗಡಿ ಬೋರ್ಡು 20 ಅಡಿ ಉದ್ದ, 3 ಅಡಿ ಎತ್ತರ ಇದ್ದರೆ ಸಪೂರ ಅಕ್ಷರ ಎರಡೂ ಕಡೆ ಖಾಲಿ ಬಿಡುತ್ತದೆ.

ನನ್ನ ತಕರಾರು ಅದನ್ನು ಮಾಡುವ ರೀತಿಯ ಬಗ್ಗೆ. ಎಷ್ಟೋ ಕಡೆ ಬೋರ್ಡ್ ವಿನ್ಯಾಸ ಮಾಡುವ ಕೋರೆಲ್ ಡ್ರಾ ಸಾಫ್ಟ್‌ವೇರಿನಲ್ಲಿ ಮಾಮೂಲಿ ಫಾಂಟ್ ಹಾಕಿ, ಮೌಸ್ ಹಿಡಿದು ಪಕ್ಕಕ್ಕೆ ಎಳೆದುಬಿಡುತ್ತಾರೆ. ಆಗ ನಿಂತ ಗೆರೆ ದಪ್ಪವಾಗುತ್ತದೆ, ಮಲಗಿದ ಗೆರೆ ಇದ್ದಷ್ಟೇ ಉಳಿಯುತ್ತದೆ. ಅಗಲಕ್ಕೆಂದೇ ಬರೆದ ಫಾಂಟಿನಲ್ಲಿ ಗೆರೆಗಳನ್ನು ಕಣ್ಣಿನ ಅಂದಾಜಿಗೆ ತಿದ್ದಿರುತ್ತಾರೆ. ಹೀಗೆ ತಿದ್ದುವುದು ಏನು ಅಂತ ತಿಳಿಯಲು ಜರ್ಮನಿಯ ಪೌಲ್ ರೆನ್ನರ್ ಅವರ ಇಂಗ್ಲಿಷ್ ಫಾಂಟ್ ಫ್ಯೂಚುರಾ (1927) ನೋಡಿ. ಅದರ 'O' ಕೈವಾರದಲ್ಲಿ ಎಳೆದಂತೆ ಕಾಣುತ್ತದೆ, ಅಲ್ವಾ? ಅಳೆದರೆ ಮೇಲಿನ, ಕೆಳಗಿನ ಗೆರೆ ಸ್ವಲ್ಪ ತೆಳು. ನಿಂತ ಗೆರೆ, ಮಲಗಿದ ಗೆರೆ ಎರಡೂ ಸಮ ಇಟ್ಟರೆ ನಮ್ಮ ಕಣ್ಣಿಗೆ ಮಲಗಿದ ಗೆರೆಯೇ ದಪ್ಪ ಕಾಣುತ್ತದೆ.

ಕನ್ನಡದ ಕಷ್ಟ ಇನ್ನೊಂದು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರಕ್ಕೆ ಸಾಲಾಗಿ ನಿಲ್ಲುತ್ತವೆ. 'ಹಾಸನ' ಕೂಡ ಹಾಗೇ ನಿಲ್ಲುತ್ತದೆ, ಯಾವ ಅಗಲಕ್ಕೂ ಒಗ್ಗುತ್ತದೆ. 'ಚಿಕ್ಕಮಗಳೂರು' ಬರೆದ ತಕ್ಷಣ ಕೆಳಗೆ ಒತ್ತಿಗೆ ಜಾಗ ಬೇಕು. 'ಧನಲಕ್ಷ್ಮಿ' ಅಂತ ಹೆಸರಿದ್ದರಂತೂ 'ಕ್ಷ್ಮಿ'ಗೆ ಎರಡು ಒತ್ತು. ಅವು ಹಿಡಿಸಲಿ ಅಂತ ಇಡೀ ಹೆಸರನ್ನೇ ಚಿಕ್ಕದು ಮಾಡುತ್ತಾರೆ. ಪಕ್ಕದ ಇಂಗ್ಲಿಷ್ ದೊಡ್ಡದಾಗಿ ಕಾಣುತ್ತದೆ. 2024ರ ಕಾನೂನು ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಹಾಗಾಗಿ ನಾನು ಮೊದಲು ಕನ್ನಡದ ಹೆಸರನ್ನು ಕೂರಿಸುತ್ತೇನೆ. ಉಳಿದ ಜಾಗಕ್ಕೆ ಇಂಗ್ಲಿಷ್ ಹೊಂದಿಕೊಳ್ಳಲಿ.

ದಪ್ಪದಲ್ಲೂ ಒಂದು ಮಿತಿ ಇದೆ. 'ಧ'ಕ್ಕೂ 'ದ'ಕ್ಕೂ ಇರುವ ವ್ಯತ್ಯಾಸ ಹೊಟ್ಟೆ ಸೀಳಿದ ಆ ಸಣ್ಣ ಗೀಟು ಮಾತ್ರ. ಗೆರೆ ತೀರಾ ದಪ್ಪವಾದರೆ ಅದು ಮುಚ್ಚಿಹೋಗುತ್ತದೆ. ಎದುರಿನ ಫುಟ್‌ಪಾತಿನಿಂದ ಓದುವವರಿಗೆ 'ಧನಲಕ್ಷ್ಮಿ' ಹೋಗಿ 'ದನಲಕ್ಷ್ಮಿ' ಆಗುತ್ತದೆ!

ಫಾಂಟ್ ಯಾವುದು ಅಂತ ಕೇಳಿದರೆ, ಫಾಂಟ್ ಮಾಡುವ ಏಕ್ ಟೈಪ್ ಸಂಸ್ಥೆಯವರ 'ಅನೇಕ್ ಕನ್ನಡ' ನೋಡಿ. ಪುಕ್ಕಟೆ ಸಿಗುತ್ತದೆ. ಅಗಲ 75ರಿಂದ 125ರವರೆಗೆ (100 ಅಂದರೆ ಮಾಮೂಲಿ ಅಗಲ), ದಪ್ಪ 100ರಿಂದ (ತೀರಾ ತೆಳು) 800ರವರೆಗೆ (ತೀರಾ ದಪ್ಪ) ಬೇಕಾದಂತೆ ಬದಲಿಸಬಹುದು. ಫ್ಯೂಚುರಾದ ಕೈವಾರದ ಶಿಸ್ತು ಇದರಲ್ಲಿ ಪೂರ್ತಿ ಇಲ್ಲ, ನಿಜ. ನನ್ನ ಮಟ್ಟಿಗೆ ಅದೇ ಒಳ್ಳೆಯದು. ಕನ್ನಡದ ಅಕ್ಷರ ಮೊದಲೇ ದುಂಡಗಿದೆ, ಸುಮ್ನೆ ವೃತ್ತಕ್ಕೆ ತುರುಕುವುದು ಯಾಕೆ?

ಒಳಗೆ ಎಲ್‌ಇಡಿ ಹಾಕುವ ಬೋರ್ಡಾದರೆ ದಪ್ಪ 800 ಬೇಡ, 600 ಸಾಕು. ರಾತ್ರಿ ಬೆಳಕು ಹರಡಿ ಅಕ್ಷರ ತಾನಾಗೇ ದಪ್ಪ ಕಾಣುತ್ತದೆ. ಚಿಕ್ಕಮಗಳೂರಿನ ಮಳೆಗಾಲದ ಮಂಜಿನಲ್ಲಂತೂ ಇನ್ನೂ ಜಾಸ್ತಿ.