ಕಮ್ಯುನಿಟಿ ಕಾಲೇಜಿನ ಆನ್‌ಲೈನ್ ಕೋರ್ಸು: ‘ತನ್ನ ಟೈಮಿಗೆ ಮಾಡ್ಕೋಬಹುದಲ್ವಾ?’

ಓದುಗರ ಪ್ರಶ್ನೆ: ನನ್ನ ಹೆಂಡತಿ ಇಲ್ಲಿನ (ಅಮೆರಿಕದ) ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸ್ಥಳೀಯ ಕಾಲೇಜು) ಎರಡು ಆನ್‌ಲೈನ್ ಕೋರ್ಸು ತಗೊಂಡಿದ್ದಾಳೆ. ಕ್ಲಾಸಿಗೆ ಹೋಗುವ ತಾಪತ್ರಯ ಇಲ್ಲ, ತನ್ನ ಟೈಮಿಗೆ ಮಾಡಿಕೊಂಡರಾಯ್ತು. ಆದರೂ ಮೂರನೇ ವಾರಕ್ಕೇ ಹಿಂದೆ ಬಿದ್ದಿದ್ದೀನಿ ಅಂತ ಅಳುಮುಖ ಮಾಡುತ್ತಾಳೆ. ನಾನು ಹೇಗೆ ಸಹಾಯ ಮಾಡಲಿ?

ಸೆಮಿಸ್ಟರ್ ಶುರುವಾದ ಮೂರು ವಾರಕ್ಕೆ ಈ ಪ್ರಶ್ನೆ ತಪ್ಪದೆ ಬರುತ್ತದೆ. ಒಮ್ಮೊಮ್ಮೆ ಹೆಂಡತಿಯ ಬದಲು ಮಗಳು, ಒಮ್ಮೊಮ್ಮೆ ತಮ್ಮ. ಒಂದು ಸಲ ಸೊಸೆಯೊಬ್ಬಳು ಅರವತ್ತು ದಾಟಿದ ಅತ್ತೆಯ ಬಗ್ಗೆ ಕೇಳಿದ್ದಳು, ಆ ದಿನವೆಲ್ಲ ನನಗೆ ಖುಷಿಯೋ ಖುಷಿ. ಉತ್ತರ ಮಾತ್ರ ಅದೇ. ಎಷ್ಟು ಸಲ ಹೇಳಿದ್ದೀನೋ ಲೆಕ್ಕವಿಲ್ಲ. ಇವತ್ತು ಕೂತು ಪೂರ್ತಿ ಬರೆದುಬಿಡುತ್ತೇನೆ.

ಸಹಾಯ ಮಾಡುವುದು ಕಷ್ಟವೇನಲ್ಲ. ವಾರದ ಡೆಡ್‌ಲೈನುಗಳು ನಿಮಗೂ ಗೊತ್ತಿರಲಿ. ಅವರ ಓದಿನ ಹೊತ್ತಿಗೆ ಯಾರೂ ಕೈ ಹಾಕದ ಹಾಗೆ ನೋಡಿಕೊಳ್ಳಿ. ತಿಳಿಯದೆ ಹೋದಾಗ ಕಾಲೇಜಿನವರನ್ನು ಕೇಳು ಅಂತ ಧೈರ್ಯ ತುಂಬಿ. ಇಷ್ಟೇ. ಆದರೆ ನಿಮ್ಮ ಪ್ರಶ್ನೆಯ ನಡುವೆ ಒಂದು ಸಾಲಿದೆ ನೋಡಿ, ‘ತನ್ನ ಟೈಮಿಗೆ ಮಾಡಿಕೊಂಡರಾಯ್ತು’ ಅಂತ. ಆ ಸಾಲು ಮನೆಯವರ ತಲೆಯಲ್ಲಿ ಕೂತಿರುವ ತನಕ ಈ ಮೂರರಲ್ಲಿ ಒಂದೂ ನಡೆಯಲ್ಲ. ಅದಕ್ಕೇ ಮೊದಲು ಅದನ್ನು ಕಿತ್ತು ಹಾಕೋಣ.

ನಾನು ಹನ್ನೊಂದು ವರ್ಷದಿಂದ ಕಮ್ಯುನಿಟಿ ಕಾಲೇಜೊಂದರ ಟ್ಯೂಟರಿಂಗ್ ಸೆಂಟರಿನಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಆನ್‌ಲೈನ್ ಕೋರ್ಸಿನಲ್ಲಿ ಫೇಲಾಗಿ ಬಂದವರನ್ನು ಕೂರಿಸಿಕೊಂಡು ಕೇಳಿದರೆ, ಪಾಠ ಅರ್ಥವಾಗಲಿಲ್ಲ ಅನ್ನುವವರು ಕಡಿಮೆ. ‘ಯಾವಾಗ ಬೇಕಾದ್ರೂ ಮಾಡಬಹುದು ಅಂದುಕೊಂಡಿದ್ದೆ’ ಅನ್ನುವವರೇ ಜಾಸ್ತಿ.

ತಪ್ಪು ತಿಳಿವಳಿಕೆ ಎಲ್ಲಿಂದ ಬಂತು ಅಂತ ಗೊತ್ತು. ಕಾಲೇಜಿನ ಪಟ್ಟಿಯಲ್ಲಿ ಈ ಕೋರ್ಸುಗಳ ಮುಂದೆ ‘ಅಸಿಂಕ್ರನಸ್’ ಅಂತ ಬರೆದಿರುತ್ತಾರೆ. ಅಂದರೆ ಇಂಥ ದಿನ ಇಷ್ಟು ಗಂಟೆಗೆ ಎಲ್ಲರೂ ಒಟ್ಟಿಗೆ ಸೇರಬೇಕಾಗಿಲ್ಲ, ಅಷ್ಟೇ. ನಮ್ಮವರು ಅದನ್ನು ‘ಸೆಲ್ಫ್ ಪೇಸ್ಡ್’ ಅಂತ ಓದಿಕೊಳ್ಳುತ್ತಾರೆ. ಎರಡೂ ಬೇರೆ. ಸೆಲ್ಫ್ ಪೇಸ್ಡ್ ಅಂದರೆ ನಿಮ್ಮ ವೇಗಕ್ಕೆ ತಕ್ಕಂತೆ ಮುಗಿಸುವುದು. ಅಸಿಂಕ್ರನಸ್ ಕೋರ್ಸಿನಲ್ಲಿ ಬೆಳಿಗ್ಗೆ ಆರಕ್ಕೆ ಓದುತ್ತೀರೋ ರಾತ್ರಿ ಹತ್ತಕ್ಕೋ ಅನ್ನುವುದು ನಿಮ್ಮಿಷ್ಟ. ಆದರೆ ಈ ವಾರದ ಕೆಲಸ ಈ ವಾರವೇ ಮುಗಿಯಬೇಕು. ಊರಲ್ಲಿ ಕರೆಸ್ಪಾಂಡೆನ್ಸ್ ಕೋರ್ಸು ನೋಡಿದವರಿಗೆ ಈ ವ್ಯತ್ಯಾಸ ಹಿಡಿಯುವುದು ಇನ್ನೂ ಕಷ್ಟ. ಅಲ್ಲಿ ಪುಸ್ತಕದ ಕಟ್ಟು ಬರುತ್ತಿತ್ತು, ಪರೀಕ್ಷೆಗೆ ಎರಡು ತಿಂಗಳಿದ್ದಾಗ ಬಿಚ್ಚಿದರೂ ನಡೆಯುತ್ತಿತ್ತು.

ಇಲ್ಲಿ ನಡೆಯಲ್ಲ. ಕಾಲೇಜಿನವರು ಕಟ್ಟುನಿಟ್ಟು ಅಂತಷ್ಟೇ ಅಲ್ಲ, ಕಾನೂನೇ ಹಾಗಿದೆ. ಅಮೆರಿಕದ ಫೆಡರಲ್ (ಕೇಂದ್ರ ಸರ್ಕಾರದ) ನಿಯಮದಲ್ಲಿ ದೂರಶಿಕ್ಷಣ ಬೇರೆ, ಕರೆಸ್ಪಾಂಡೆನ್ಸ್ ಬೇರೆ. ದೂರಶಿಕ್ಷಣ ಅನ್ನಿಸಿಕೊಳ್ಳಬೇಕಾದರೆ ಮೇಷ್ಟರಿಗೂ ವಿದ್ಯಾರ್ಥಿಗೂ ನಡುವೆ ಪಾಠಕ್ಕೆ ಸಂಬಂಧಪಟ್ಟ ಮಾತುಕತೆ ನಿಯಮಿತವಾಗಿ ನಡೆಯಲೇಬೇಕು. 2021ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಪಾಠ ಮಾಡುವುದು, ಕೆಲಸ ತಿದ್ದಿ ಅಭಿಪ್ರಾಯ ಬರೆಯುವುದು, ಪ್ರಶ್ನೆಗೆ ಉತ್ತರಿಸುವುದು, ಗುಂಪು ಚರ್ಚೆ ನಡೆಸುವುದು, ಇಂಥವುಗಳಲ್ಲಿ ಕನಿಷ್ಠ ಎರಡು ಇರಬೇಕು. ವಿದ್ಯಾರ್ಥಿ ಹಿಂದೆ ಬೀಳುತ್ತಿದ್ದಾನಾ ಅಂತ ಮೇಷ್ಟರು ಗಮನಿಸಬೇಕು, ಬೇಕಾದಾಗ ತಾವಾಗಿಯೇ ಮಾತಾಡಿಸಬೇಕು. ಕಾಲೇಜಿನ ಅರ್ಧಕ್ಕಿಂತ ಜಾಸ್ತಿ ಕೋರ್ಸುಗಳು ಕರೆಸ್ಪಾಂಡೆನ್ಸ್ ಲೆಕ್ಕಕ್ಕೆ ಬಿದ್ದರೆ ವಿದ್ಯಾರ್ಥಿಗಳ ಓದಿಗೆ ಸರ್ಕಾರ ಕೊಡುವ ಫೆಡರಲ್ ಸಹಾಯಧನಕ್ಕೇ ಕುತ್ತು. ಹೀಗಿರುವಾಗ ‘ಎಲ್ಲ ಸೇರಿಸಿ ಡಿಸೆಂಬರಿನಲ್ಲಿ ಕೊಡ್ತೀನಿ’ ಅಂದರೆ ಯಾರು ಒಪ್ಪುತ್ತಾರೆ?

ಒಂದು ವಾರ ಹೇಗಿರುತ್ತೆ ಅಂತ ಹತ್ತಿರದಿಂದ ತೋರಿಸುತ್ತೇನೆ. ಮನಃಶಾಸ್ತ್ರದ ಮೊದಲ ಕೋರ್ಸು ಅಂದುಕೊಳ್ಳಿ. ಸೋಮವಾರ ಹೊಸ ಮಾಡ್ಯೂಲ್, ಅಂದರೆ ಆ ವಾರದ ಪಾಠದ ಭಾಗ, ತೆರೆಯುತ್ತದೆ. ಒಂದು ಅಧ್ಯಾಯ ಓದಬೇಕು, ನಾಲ್ಕೈದು ವಿಡಿಯೋ ನೋಡಬೇಕು. ಬುಧವಾರ ರಾತ್ರಿಯೊಳಗೆ ಡಿಸ್ಕಷನ್ನಿನಲ್ಲಿ ಮೊದಲ ಪೋಸ್ಟ್ ಹಾಕಬೇಕು. ಭಾನುವಾರದೊಳಗೆ ಇಬ್ಬರು ಸಹಪಾಠಿಗಳ ಪೋಸ್ಟಿಗೆ ಉತ್ತರ ಬರೆಯಬೇಕು. ಕ್ವಿಜ್ ಕೂಡ ಭಾನುವಾರ ರಾತ್ರಿ 11:59ಕ್ಕೆ ಮುಚ್ಚುತ್ತದೆ. ‘ವೀಕೆಂಡಿನಲ್ಲಿ ಮಾಡ್ತೀನಿ’ ಅಂತ ಭಾನುವಾರ ಸಂಜೆ ಲ್ಯಾಪ್‌ಟಾಪ್ ತೆರೆದವರಿಗೆ ಬುಧವಾರದ ಅಂಕ ಆಗಲೇ ಹೋಗಿರುತ್ತದೆ. ಮೂರು ವಾರ ಹೀಗಾದರೆ ಅಳುಮುಖ ಆಗದೆ ಇನ್ನೇನಾದೀತು?

ಗಂಟೆಯ ಲೆಕ್ಕವನ್ನೂ ಮಾಡಿ. ಇಲ್ಲಿ ಒಂದು ಕ್ರೆಡಿಟ್ ಅಂದರೆ ಸುಮಾರು 15 ವಾರದ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ಪಾಠ, ಅದರ ಮೇಲೆ ಕನಿಷ್ಠ ಎರಡು ಗಂಟೆ ಸ್ವಂತ ಓದು. 3 ಕ್ರೆಡಿಟ್ ಕೋರ್ಸಿಗೆ ವಾರಕ್ಕೆ 9 ಗಂಟೆ ಬೇಕು. ಎರಡು ಕೋರ್ಸಿಗೆ 18. ಆನ್‌ಲೈನ್ ಆದ ಮಾತ್ರಕ್ಕೆ ಇದು ಕಡಿಮೆಯಾಗಲ್ಲ. 8 ವಾರದ ಚಿಕ್ಕ ಕೋರ್ಸು ನೋಡಿ ಆಸೆ ಬೀಳುವವರಿಗೆ ಇನ್ನೊಂದು ಲೆಕ್ಕ: ಅದೇ 135 ಗಂಟೆಯ ಕೆಲಸ 8 ವಾರಕ್ಕೆ ಹಂಚಿದರೆ ವಾರಕ್ಕೆ 17 ಗಂಟೆ, ಅದೂ ಒಂದೇ ಕೋರ್ಸಿಗೆ. ಬೇಸಿಗೆಯ 6 ವಾರದ ಕೋರ್ಸಾದರೆ 22 ದಾಟುತ್ತದೆ.

ಇನ್ನೊಂದು ಭ್ರಮೆ ಇದರ ಬಾಲ ಹಿಡಿದೇ ಬರುತ್ತದೆ. ‘ದಿನಾ ಲಾಗಿನ್ ಆಗ್ತಿದ್ದೀನಲ್ಲ, ಹಾಜರಿ ಇದೆಯಲ್ಲ’ ಅಂತ. ಫೆಡರಲ್ ಸಹಾಯಧನದ ನಿಯಮದಲ್ಲಿ ಸುಮ್ನೆ ಲಾಗಿನ್ ಆಗುವುದು ಹಾಜರಿಯಲ್ಲ. ಕ್ವಿಜ್ ಬರೆಯಬೇಕು, ಅಸೈನ್‌ಮೆಂಟ್ ಕೊಡಬೇಕು, ಪಾಠದ ಬಗ್ಗೆ ಚರ್ಚೆಯಲ್ಲಿ ಬರೆಯಬೇಕು. ಮೊದಲ ವಾರ ಇದ್ಯಾವುದನ್ನೂ ಮಾಡದಿದ್ದರೆ ಎಷ್ಟೋ ಕಾಲೇಜುಗಳು ಕೋರ್ಸಿನಿಂದಲೇ ಹೆಸರು ತೆಗೆದುಬಿಡುತ್ತವೆ. ಸಹಾಯಧನ ಪಡೆದವರು ಸೆಮಿಸ್ಟರಿನ ಶೇ. 60 ಮುಗಿಯುವ ಮೊದಲೇ ಎಲ್ಲ ಕೋರ್ಸೂ ಬಿಟ್ಟರೆ ಬಂದ ಹಣದಲ್ಲಿ ಒಂದು ಪಾಲು ವಾಪಸ್ ಹೋಗುತ್ತದೆ, ಕೆಲವರಿಗೆ ಕಾಲೇಜಿನ ಬಾಕಿಯೇ ಹೆಗಲೇರುತ್ತದೆ. ಕೈಚೆಲ್ಲುವ ಮೊದಲು ಸಹಾಯಧನದ ಆಫೀಸಿನವರ ಹತ್ತಿರ ಮಾತಾಡಲೇಬೇಕು.

ಅಂಕದ ಪುಟವನ್ನೂ ನೋಡಲು ಕಲಿಯಬೇಕು. ಹೋದ ವರ್ಷ ಒಬ್ಬ ಹುಡುಗಿ ಕ್ಯಾನ್ವಾಸ್ (ಪಾಠ, ಅಂಕ ಎಲ್ಲ ಇರುವ ಕಾಲೇಜಿನ ವೆಬ್‌ಸೈಟು) ತೆರೆದು ‘ನನಗೆ 92 ಪರ್ಸೆಂಟ್ ಇದೆ ಮೇಡಂ’ ಅಂತ ನಗುತ್ತಾ ತೋರಿಸಿದಳು. ಪಕ್ಕದಲ್ಲೇ ‘ಮೌಲ್ಯಮಾಪನ ಆದ ಕೆಲಸಗಳನ್ನು ಮಾತ್ರ ಲೆಕ್ಕ ಹಾಕು’ ಅನ್ನುವ ಅರ್ಥದ ಒಂದು ಚೌಕವಿರುತ್ತದೆ. ಅದರಲ್ಲಿ ಗುರುತು ಹಾಕಿಯೇ ಇರುತ್ತದೆ. ಮೇಷ್ಟರು ಇನ್ನೂ ಸೊನ್ನೆ ಹಾಕದ ಕೆಲಸ ಆ ಲೆಕ್ಕಕ್ಕೇ ಬರಲ್ಲ. ಆ ಗುರುತು ತೆಗೆಸಿದೆ. 92 ಇದ್ದದ್ದು 41 ಆಯ್ತು. ಅದರಲ್ಲಿ ಮುಂದಿನ ವಾರಗಳ ಕೆಲಸವೂ ಸೇರಿತ್ತು, ನಿಜ. ಆದರೆ ಕೊಡದೆ ಬಿಟ್ಟ ನಾಲ್ಕು ಅಸೈನ್‌ಮೆಂಟೂ ಅದರಲ್ಲೇ ಇದ್ದವು. ಅವಳು ಅಂದು ಸಂಜೆಯೇ ಮೇಷ್ಟರಿಗೆ ಬರೆದಳು. ಎರಡನ್ನು ತಡವಾಗಿ ತಗೊಂಡರು. ಪಾಸಾದಳು. ಆ ಒಂದು ಗುರುತು ಎಲ್ಲಿದೆ ಅಂತ ತೋರಿಸಿದ್ದಕ್ಕೆ ನನಗೆ ಈಗಲೂ ಹೆಮ್ಮೆ ಇದೆ.

‘ಈಗಿನ ಹುಡುಗರಿಗೆ ಕಂಪ್ಯೂಟರ್ ನೀರು ಕುಡಿದ ಹಾಗೆ, ನಮ್ಮಂಥ ವಯಸ್ಸಾದವರಿಗೇ ಕಷ್ಟ’ ಅನ್ನುವವರಿಗೂ ಒಂದು ಮಾತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನಲ್ಲಿ ಕಮ್ಯುನಿಟಿ ಕಾಲೇಜುಗಳ ಬಗ್ಗೆಯೇ ಸಂಶೋಧನೆ ಮಾಡುವ ಕೇಂದ್ರವಿದೆ. ಅಲ್ಲಿನ ಡಿ ಶೂ ಮತ್ತು ಶಾನಾ ಸ್ಮಿತ್ ಜಾಗರ್ಸ್ 2013ರಲ್ಲಿ ವಾಷಿಂಗ್ಟನ್ ರಾಜ್ಯದ ಕಮ್ಯುನಿಟಿ ಕಾಲೇಜು ವಿದ್ಯಾರ್ಥಿಗಳ ದಾಖಲೆ ನೋಡಿದರು. ಕ್ಲಾಸಿಗೆ ಹೋಗಿ ಓದುವುದಕ್ಕಿಂತ ಆನ್‌ಲೈನಿನಲ್ಲಿ ಎಲ್ಲ ಗುಂಪಿನವರ ಸಾಧನೆಯೂ ಕುಸಿದಿತ್ತು. ಆದರೆ ಜಾಸ್ತಿ ಕುಸಿದದ್ದು ಚಿಕ್ಕ ವಯಸ್ಸಿನವರದು, ಹುಡುಗರದು, ಕಪ್ಪು ವಿದ್ಯಾರ್ಥಿಗಳದು, ಮೊದಲೇ ಕಡಿಮೆ ಅಂಕ ಇದ್ದವರದು. ಹೆಂಗಸರೂ ವಯಸ್ಸಾದವರೂ ಅವರಿಗಿಂತ ಚೆನ್ನಾಗಿ ಹೊಂದಿಕೊಂಡಿದ್ದರು. ಫೋನಿನಲ್ಲಿ ಬೆರಳಾಡಿಸುವುದು ಒಂದು, ವಾರದ ಕೆಲಸ ವಾರದಲ್ಲಿ ಮುಗಿಸುವುದು ಇನ್ನೊಂದು. ನಿಮ್ಮ ಮನೆಯವರಿಗೆ ಇದನ್ನು ಇವತ್ತೇ ಓದಿ ಹೇಳಿ.

ಈಗ ನಿಮ್ಮ ಕೆಲಸ. ಮೊದಲು ಸಿಲಬಸ್ ತೆಗೆಯಿರಿ, ಇಬ್ಬರೂ ಒಟ್ಟಿಗೆ ಕೂತು ಎಲ್ಲ ತಾರೀಕುಗಳನ್ನೂ ಕ್ಯಾಲೆಂಡರಿನಲ್ಲಿ ಬರೆಯಿರಿ. ಡಿಸೆಂಬರಿನ ಕೊನೇ ಪರೀಕ್ಷೆಯ ವಾರಕ್ಕೆ ಊರಿಗೆ ಟಿಕೆಟ್ ಮಾಡಿಸಿ ಆಮೇಲೆ ಪೇಚಾಡಿದವರು ನನ್ನ ಹತ್ತಿರ ಪ್ರತಿ ವರ್ಷ ಬರುತ್ತಾರೆ. ‘ಓದು ಹೇಗೆ ನಡೀತಿದೆ?’ ಅಂತ ಕೇಳಬೇಡಿ, ‘ಹ್ಞೂಂ’ ಅನ್ನುವುದು ಬಿಟ್ಟು ಬೇರೆ ಉತ್ತರ ಸಿಗಲ್ಲ. ‘ಬುಧವಾರಕ್ಕೆ ಏನು ಕೊಡಬೇಕು?’ ಅಂತ ಕೇಳಿ.

ಆಮೇಲೆ ಹೊತ್ತು. ಆನ್‌ಲೈನ್ ಓದುವವರ ದೊಡ್ಡ ಕಷ್ಟ ಅಂದರೆ ಅವರು ಓದುತ್ತಿರುವುದು ಯಾರ ಕಣ್ಣಿಗೂ ಕಾಣದಿರುವುದು. ಲ್ಯಾಪ್‌ಟಾಪ್ ಮುಂದೆ ಕೂತವಳು ‘ಮನೇಲೇ ಇದ್ದಾಳಲ್ಲ’. ಮಗುವನ್ನು ಈಜಿನ ಕ್ಲಾಸಿಗೆ ಬಿಡುವುದು ಅವಳೇ, ಊರಿಂದ ಫೋನ್ ಬಂದರೆ ಎತ್ತುವುದೂ ಅವಳೇ. ಅವಳು ಕಾಲೇಜಿಗೆ ಹೋಗಿದ್ದರೆ ಹೀಗೆಲ್ಲ ಕರೆಯುತ್ತಿದ್ದಿರಾ? ಮಂಗಳವಾರ, ಗುರುವಾರ ಸಂಜೆ ಆರೂವರೆಯಿಂದ ಒಂಬತ್ತೂವರೆ ಅಂತ ಗೊತ್ತು ಮಾಡಿ, ಬಾಗಿಲು ಹಾಕಿಕೊಡಿ. ಊಟ, ಮಗು, ಫೋನು ಎಲ್ಲ ಆ ಹೊತ್ತಿಗೆ ನಿಮ್ಮದು. ಶನಿವಾರ ಬೆಳಿಗ್ಗೆ ಪಬ್ಲಿಕ್ ಲೈಬ್ರರಿಗೆ ಕಳಿಸಿ.

ಮಾಡಬಾರದ್ದು ಒಂದೇ: ಅವರ ಅಸೈನ್‌ಮೆಂಟನ್ನು ನೀವು ಬರೆಯಬೇಡಿ. ಸಿಕ್ಕಿಬಿದ್ದರೆ ಶಿಕ್ಷೆ ಅವರಿಗೆ. ಕಾಲೇಜಿನಲ್ಲೇ ಪುಕ್ಕಟೆ ಟ್ಯೂಟರ್ ಇರುತ್ತಾರೆ, ಎಷ್ಟೋ ಕಡೆ ಆನ್‌ಲೈನಿನಲ್ಲೂ ಸಿಗುತ್ತಾರೆ. ಲ್ಯಾಪ್‌ಟಾಪ್ ಇಲ್ಲದಿದ್ದರೆ ಲೈಬ್ರರಿಯವರು ಎರವಲು ಕೊಡುವ ಕಾಲೇಜುಗಳೂ ಬೇಕಾದಷ್ಟಿವೆ. ಕಣ್ಣು, ಕಿವಿ, ಗಮನದ ತೊಂದರೆ ಇರುವವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳುವ ಹಕ್ಕಿದೆ, ಆನ್‌ಲೈನ್ ಕೋರ್ಸಿಗೂ ಅದು ಅನ್ವಯಿಸುತ್ತದೆ. ಆದರೆ ಮೊದಲೇ ಕೇಳಿಕೊಳ್ಳಬೇಕು.

ವೀಸಾದ ಬಗ್ಗೆಯೂ ಹೇಳಿಬಿಡುತ್ತೇನೆ. ಎಚ್-4ನಲ್ಲಿರುವವರು (ಎಚ್-1ಬಿಯಂಥ ಕೆಲಸದ ವೀಸಾದವರ ಗಂಡ, ಹೆಂಡತಿ, ಮಕ್ಕಳು) ಓದಬಹುದು, ತೊಂದರೆಯಿಲ್ಲ. ಎಫ್-1 (ವಿದ್ಯಾರ್ಥಿ ವೀಸಾ) ಆದರೆ ಪೂರ್ಣಾವಧಿ ಓದಿನ ಲೆಕ್ಕಕ್ಕೆ ಒಂದು ಸೆಮಿಸ್ಟರಿನಲ್ಲಿ ಒಂದೇ ಆನ್‌ಲೈನ್ ತರಗತಿ, ಅಂದರೆ 3 ಕ್ರೆಡಿಟ್ ಮಾತ್ರ ಸೇರುತ್ತದೆ. ಗೊತ್ತಿಲ್ಲದೆ ಎರಡು ತಗೊಂಡು ಕಂಗಾಲಾದವರನ್ನು ನೋಡಿದ್ದೇನೆ. ಕೋರ್ಸು ಸೇರುವ ಮೊದಲೇ ಅಂತರರಾಷ್ಟ್ರೀಯ ವಿದ್ಯಾರ್ಥಿಗಳ ಆಫೀಸಿನಲ್ಲಿ ಕೇಳಿ.

‘ನಾನೇ ಪ್ರೊಫೆಸರಿಗೆ ಫೋನ್ ಮಾಡಲಾ?’ ಅಂತ ನೀವು ಕೇಳಿಲ್ಲ, ಆದರೆ ಎಷ್ಟೋ ಗಂಡಂದಿರು, ಅಪ್ಪ ಅಮ್ಮಂದಿರು ಹಾಗೇ ಮಾಡುತ್ತಾರೆ. ಬೇಡ. ಫರ್ಪಾ ಅನ್ನುವ 1974ರ ಕಾನೂನಿನ ಪ್ರಕಾರ ಕಾಲೇಜಿನ ದಾಖಲೆಯ ಮೇಲಿನ ಹಕ್ಕು ವಿದ್ಯಾರ್ಥಿಯದು. ಅವರ ಒಪ್ಪಿಗೆಯಿಲ್ಲದೆ ನಿಮ್ಮ ಹತ್ತಿರ ಅಂಕದ ಮಾತಾಡಲು ಮೇಷ್ಟರು ಸಾಮಾನ್ಯವಾಗಿ ಒಪ್ಪಲ್ಲ. ಅವರೇ ಬರೆಯಲಿ.

ಬರೆಯುವುದರಲ್ಲೇ ನಮ್ಮವರು ಎಡವುತ್ತಾರೆ. ‘ಮೇಷ್ಟರಿಗೆ ತೊಂದರೆ ಕೊಡಬಾರದು’ ಅಂತ ಸುಮ್ನಿದ್ದುಬಿಡುತ್ತಾರೆ. ಆಫೀಸ್ ಅವರ್ಸ್ ಅಂದರೆ ಅವರು ಬೇರೆ ಕೆಲಸ ಮಾಡುವ ಹೊತ್ತು ಅಂದುಕೊಳ್ಳುತ್ತಾರೆ. ಅದು ವಿದ್ಯಾರ್ಥಿಗಳಿಗೆಂದೇ ಎತ್ತಿಟ್ಟ ಹೊತ್ತು, ಆನ್‌ಲೈನ್ ಕೋರ್ಸಾದರೆ ಸಾಮಾನ್ಯವಾಗಿ ಝೂಮ್‌ನಲ್ಲಿ ಇರುತ್ತದೆ. ಬರೆಯುವಾಗ ‘ರೆಸ್ಪೆಕ್ಟೆಡ್ ಸರ್’ ಬೇಡ, ಪ್ರೊಫೆಸರ್ ಅಂತ ಹಾಕಿ ಅವರ ಕೊನೆಯ ಹೆಸರು ಸೇರಿಸಿದರೆ ಸಾಕು. ‘ಐ ಹ್ಯಾವ್ ಎ ಡೌಟ್’ ಅಂತ ಬರೆಯಬೇಡಿ. ನಮಗೆ ಡೌಟ್ ಅಂದರೆ ಪ್ರಶ್ನೆ, ಇಲ್ಲಿನವರ ಕಿವಿಗೆ ಅದು ‘ನೀವು ಹೇಳಿದ್ದರಲ್ಲಿ ನನಗೆ ನಂಬಿಕೆಯಿಲ್ಲ’ ಅನ್ನುವ ಹಾಗೆ ಕೇಳಬಹುದು. ‘ಕ್ವೆಶ್ಚನ್’ ಅನ್ನಿ.

ಪತ್ರ ಐದು ಸಾಲಿರಲಿ. ಯಾವ ಕೋರ್ಸು, ಯಾವ ಸೆಕ್ಷನ್, ಎಷ್ಟನೇ ಲೆಕ್ಕ, ಏನು ಮಾಡಿ ನೋಡಿದೆ, ಎಲ್ಲಿ ನಿಂತುಹೋಯ್ತು. ಈ ಸೆಮಿಸ್ಟರಿನಲ್ಲಿ ಎರಡು ಮಕ್ಕಳ ತಾಯಿಯೊಬ್ಬರು ಹೀಗೆ ಬರೆಯಲು ಮೂರು ದಿನ ಹೆದರಿದರು. ಆಮೇಲೆ ನನ್ನ ಪಕ್ಕದಲ್ಲೇ ಕೂತು ಬರೆದರು, ತಾವು ಬಿಡಿಸಿದ ಹಾಳೆಯ ಫೋಟೋ ಲಗತ್ತಿಸಿದರು, ಕಣ್ಣು ಮುಚ್ಚಿ ಕಳಿಸುವ ಗುಂಡಿ ಒತ್ತಿದರು. ಮರುದಿನ ಬೆಳಿಗ್ಗೆ ಪ್ರೊಫೆಸರ್ ಅದೇ ಫೋಟೋದಲ್ಲಿ ಎರಡನೇ ಸಾಲಿಗೆ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದ್ದರು. ಒಂದು ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು.